ಗಾರೆಗೆ ಬೆಲ್ಲ, ಕಾಂಕ್ರೀಟಿಗೆ ಸಕ್ಕರೆ

ಹಳೆಯ ಮನೆಯ ದುರಸ್ತಿಗೆ ಸಿಮೆಂಟಿನೊಡನೆ ಬೆಲ್ಲದ ನೀರು ಬೆರೆಸಬಹುದೇ ಎಂದು ಬಂಧುಗಳೊಬ್ಬರು ಕೇಳಿದ್ದಾರೆ. ಪೂರ್ವಿಕರು ಬೆರೆಸುತ್ತಿದ್ದುದು ನಿಜ. ಆದರೆ ಅದು ಸುಣ್ಣದ ಗಾರೆಗೆ.

ಸುಣ್ಣ, ಮರಳುಗಳನ್ನು ಎತ್ತು ಕಟ್ಟಿದ ಕಲ್ಲಿನ ಗಾಲಿಯಿಂದ ಅರೆದು, ಬೆಲ್ಲ ಹಾಗೂ ಅಳಲೆಕಾಯಿ ನೆನೆಸಿದ ನೀರನ್ನು ಸೇರಿಸುವ ಪದ್ಧತಿ ದಕ್ಷಿಣ ಭಾರತದಲ್ಲಿ ಬಹುಕಾಲ ನಡೆದುಬಂದಿತ್ತು. ಶುದ್ಧ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಕಲ್ಲಾಗುತ್ತದೆ. ಸುಟ್ಟ ಇಟ್ಟಿಗೆಯ ಪುಡಿ ಬೆರೆತರೆ ಅದು ಸುರ್ಕಿ ಗಾರೆ, ನೀರಿನಲ್ಲಿಯೂ ಗಟ್ಟಿಯಾಗಬಲ್ಲದು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿಯೇ.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದ ಪೋರ್ಟ್‌ಲೆಂಡ್ ಸಿಮೆಂಟಿನ ವಂಶವೇ ಬೇರೆ. ಇಂದಿನ ಸಿಮೆಂಟು ನೀರಿನೊಡನೆ ವರ್ತಿಸಿ ಕೆಲವೇ ಗಂಟೆಗಳಲ್ಲಿ ಬಿಗಿಯುತ್ತದೆ. ಸಕ್ಕರೆಯ ಅಣುಗಳು ಅದರ ಕಣಗಳಿಗೆ ಅಂಟಿಕೊಂಡು ಈ ಕ್ರಿಯೆಯನ್ನು ತಡೆಯುತ್ತವೆ. ಸಿಮೆಂಟಿನ ತೂಕದ ಶೇಕಡಾ 0.05ರಷ್ಟು, ಅಂದರೆ 50 ಕಿಲೋ ಚೀಲಕ್ಕೆ 25 ಗ್ರಾಂ ಸಕ್ಕರೆ, ಬಿಗಿತವನ್ನು ಕೆಲವು ಗಂಟೆ ಮುಂದೂಡಬಲ್ಲದು. ಕಡುಬೇಸಿಗೆಯಲ್ಲಿ ಇದು ಉಪಕಾರಿಯೇ. ಅರ್ಧ ಕಿಲೋ ಸುರಿದರೆ ಕಾಂಕ್ರೀಟು ಗಟ್ಟಿಯಾಗದೆಯೇ ಹೋಗಬಹುದು! ಕಾಗದದ ತಯಾರಿಕೆಯಲ್ಲಿ ಮರದಿಂದ ದೊರೆಯುವ ಲಿಗ್ನೋಸಲ್ಫೋನೇಟಿಗೂ ಬಿಗಿತವನ್ನು ತಡಮಾಡುವ ಗುಣವಿದೆ. ಅದನ್ನೂ ಅಳೆದೇ ಬಳಸುತ್ತಾರೆ.

ಆದುದರಿಂದ ಅಂದಾಜಿನ ಮೇಲೆ ಸಿಮೆಂಟಿಗೆ ಬೆಲ್ಲ ಬೆರೆಸಬೇಡಿ. ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ ತಕ್ಕುದು. ಸಿಮೆಂಟಿನ ಲೇಪವು ತೇವವನ್ನು ಒಳಗೇ ಹಿಡಿದಿಟ್ಟು ಗೋಡೆಯನ್ನು ಕೆಡಿಸುತ್ತದೆ. ಹಿರಿಯರಿಂದ ಕಲಿಯುವುದಾದರೆ ಬೆಲ್ಲವನ್ನಷ್ಟೇ ಅಲ್ಲ, ಅವರ ಹದವನ್ನೂ ಕಲಿಯೋಣ.