ಜಾನಕಿ ನಾಯರ್: ಮೈಸೂರಿನ ಕಾರ್ಮಿಕ ಚರಿತ್ರೆ ಮತ್ತು ತೆಂಗಿನ ಸೀಮೆ

ಜಾನಕಿ ನಾಯರ್ ಹಳೆಯ ಮೈಸೂರು ಸಂಸ್ಥಾನದ ಕಾರ್ಮಿಕ ಹಾಗೂ ಸಾಮಾಜಿಕ ಚರಿತ್ರೆಯನ್ನು ಅಧ್ಯಯನ ಮಾಡಿದ ಇತಿಹಾಸಕಾರ್ತಿ. ಕಲ್ಕತ್ತದ ಸಮಾಜ ವಿಜ್ಞಾನಗಳ ಅಧ್ಯಯನ ಕೇಂದ್ರದಲ್ಲಿದ್ದು, ಬಳಿಕ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಬೋಧಿಸಿದರು. 1998ರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಕೃತಿಯ ವಸ್ತು ಕೋಲಾರದ ಚಿನ್ನದ ಗಣಿ ಮತ್ತು ಬೆಂಗಳೂರಿನ ಬಟ್ಟೆ ಗಿರಣಿಗಳ ದುಡಿಮೆಗಾರರು. 2005ರ ‘ದಿ ಪ್ರಾಮಿಸ್ ಆಫ್ ದಿ ಮೆಟ್ರೊಪೊಲಿಸ್’ ಕೃತಿಯದು 20ನೆಯ ಶತಮಾನದ ಬೆಂಗಳೂರು. ಮಹಾರಾಜರ ಔದಾರ್ಯ, ದಿವಾನರ ಯೋಜನೆಗಳಿಂದಲೇ ‘ಮಾದರಿ ಮೈಸೂರು’ ಮೂಡಿತೆಂಬ ರೂಢಿಯ ಕಥನದೊಳಕ್ಕೆ ದುಡಿದವರನ್ನು ಕರೆತಂದದ್ದು ಅವರ ಮುಖ್ಯ ಸಾಧನೆ. ಈ ನೋಟ ಗಣಿ, ಗಿರಣಿಗಳಲ್ಲಿ ನಿಲ್ಲದೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳಿಗೂ ಬರಬೇಕಾಗಿದೆ.

ಈ ಸೀಮೆಯ ಹೆಸರು ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಕಾಯಿ ಕೀಳುವವರು, ಸುಲಿಯುವವರು, ಉಂಡೆ ಒಡೆಯದಂತೆ ಚಿಪ್ಪು ಬಿಡಿಸುವವರು, ಹೀಗೆ ಹಲವು ಪಳಗಿದ ಕೈಗಳನ್ನು ದಾಟಿ ಅದು ಮಾರುಕಟ್ಟೆ ಸೇರುತ್ತದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಅಂಥ ಬೆಲೆಯ ಲೆಕ್ಕದಲ್ಲಿ ಕೂಲಿಯೂ ಸೇರಿದೆಯಲ್ಲ ಎನ್ನಬಹುದು. ಸೇರಿರುವುದು ಖರ್ಚಿನ ಬಾಬತ್ತಾಗಿ; ಆ ಕೆಲಸ ಯಾವ ಜಾತಿಯವರ ಪಾಲಿಗೆ ಬಂತು, ಹೆಂಗಸರ ದುಡಿಮೆಗೆ ಎಷ್ಟು ಬೆಲೆ ಸಿಕ್ಕಿತು ಎಂಬುದನ್ನು ಆ ಲೆಕ್ಕ ಹೇಳದು.

ತೋಟ ಕಾರ್ಖಾನೆಯಲ್ಲ, ಸಣ್ಣ ಹಿಡುವಳಿದಾರ ತಾನೇ ದುಡಿಯುತ್ತಾನೆ, ಹಾಗಾಗಿ ಇಲ್ಲಿ ಕಾರ್ಮಿಕ ವರ್ಗವನ್ನು ಹುಡುಕುವುದು ತಪ್ಪು ಎಂಬ ಆಕ್ಷೇಪ ತೂಕದ್ದೇ. ಆದರೆ ಗಣಿಯಲ್ಲಿ ದುಡಿದವರೂ ಬರೀ ‘ಕಾರ್ಮಿಕ’ರಾಗಿರಲಿಲ್ಲ: ಕೋಲಾರದ ಗಣಿ ಕಾರ್ಮಿಕರಲ್ಲಿ ಬಹುಪಾಲು ತಮಿಳು ಜಿಲ್ಲೆಗಳಿಂದ ಬಂದ ದಲಿತರಾಗಿದ್ದರು. ಅವರ ಬದುಕನ್ನು ಗಣಿಯ ಕೂಲಿಯಷ್ಟೇ ಅಲ್ಲ, ಜಾತಿ, ಭಾಷೆ, ವಸತಿಯೂ ರೂಪಿಸಿದ್ದವು. ತನ್ನ ನಾಲ್ಕು ಮರ ನೋಡಿಕೊಂಡು ಪಕ್ಕದ ತೋಟದಲ್ಲಿ ಕಾಯಿ ಸುಲಿಯುವವನೂ ಹೀಗೆಯೇ ಒಂದೇ ಹೆಸರಿಗೆ ಸಿಗುವವನಲ್ಲ. ಚರಿತ್ರೆಗೆ ಅವನು ಬೇಕಾಗಿರುವುದೂ ಅದಕ್ಕಾಗಿಯೇ. ಗಣಿ ಕಂಪನಿಗಳು ಬಿಟ್ಟುಹೋದಂಥ ಕಡತಗಳು ಅಟ್ಟದ ಕೆಲಸಕ್ಕಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಮಂಡಿಯ ಲೆಕ್ಕಪುಸ್ತಕ, ಪಹಣಿ, ದುಡಿದವರ ಬಾಯಿಮಾತು ಇವನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಅಷ್ಟು ಶ್ರಮ ವಹಿಸದಿದ್ದರೆ ತೆಂಗಿನ ಸೀಮೆಯ ಚರಿತ್ರೆ ಕೊಬ್ಬರಿ ಧಾರಣೆಯ ಏರಿಳಿತದ ಪಟ್ಟಿಯಾಗಿಯೇ ಉಳಿಯುತ್ತದೆ.