ಚೆನ್ನಬಸವಣ್ಣ

12ನೆಯ ಶತಮಾನದ ಶರಣ, ವಚನಕಾರ. ಷಟ್‌ಸ್ಥಲ ಸಿದ್ಧಾಂತಕ್ಕೆ ಶಾಸ್ತ್ರದ ಕಟ್ಟು ಕೊಟ್ಟವನು. ಬಸವಣ್ಣನ ಅಕ್ಕ ನಾಗಲಾಂಬಿಕೆಯ (ಅಕ್ಕನಾಗಮ್ಮನ) ಮಗ. ಶರಣ ಪರಂಪರೆ ಇವನನ್ನು ಅವಿರಳಜ್ಞಾನಿ ಎನ್ನುತ್ತದೆ. ಅಂಕಿತ ‘ಕೂಡಲಚೆನ್ನಸಂಗಮದೇವ’. ಈತ ಬಾಳಿದ್ದು ಕಳಚುರಿ ಬಿಜ್ಜಳನ ಕಲ್ಯಾಣದಲ್ಲಿ, ಎಂದರೆ ದುಬಲಗುಂಡಿ, ಹುಮನಾಬಾದುಗಳ ನೆರೆಯ ಇಂದಿನ ಬಸವಕಲ್ಯಾಣದಲ್ಲಿ. ತಾಯಿಯ ಹೆಸರಿನ ಅಕ್ಕನಾಗಮ್ಮನ ಗವಿ ಅಲ್ಲಿ ಈಗಲೂ ಇದೆ.

ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಇವು ಭಕ್ತ ಶಿವನಲ್ಲಿ ಮರಳಿ ಒಂದಾಗುವ ದಾರಿಯ ಆರು ಸ್ಥಲಗಳು, ಎಂದರೆ ನೆಲೆಗಳು. ಒಂದೊಂದರೊಳಗೂ ಉಳಿದವು ಅಡಗಿವೆ ಎಂದು ಕಂಡದ್ದು ಇವನ ಹೆಚ್ಚುಗಾರಿಕೆ: ಆರು 36 ಆಗಿ, 36 ಮತ್ತೆ 216 ಆಗುತ್ತವೆ. ಬರಿಯ ಲೆಕ್ಕವೆಂದು ಓದಿದರೆ ಬೇಸರ ಬಂದೀತು. ಆದರೆ ಇದರ ಜೀವ ಅರ್ಪಿತದ ವಿಚಾರದಲ್ಲಿದೆ. ಮೂಗಿನಲ್ಲಿ ಆಚಾರಲಿಂಗ, ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ಚರ್ಮದಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಹೂವಿನ ಕಂಪು, ಜೋಳದ ರೊಟ್ಟಿಯ ರುಚಿ, ಎಳೆಬಿಸಿಲಿನ ಸೋಂಕು ಎಲ್ಲವೂ ಮೊದಲು ಲಿಂಗಕ್ಕೆ ಸಂದು, ಆಮೇಲೆ ಪ್ರಸಾದವಾಗಿ ತನಗೆ ಬರಬೇಕು. ಇಂದ್ರಿಯಗಳನ್ನು ಹಳಿಯುವ ವೈರಾಗ್ಯಕ್ಕೆ ಇಲ್ಲಿ ಕೆಲಸವಿಲ್ಲ.

ಹೀಗೆ ದೇವರಿಗೆ ಮರಳುವ ವಿಚಾರ ಬೇರೆಡೆಯೂ ಇತ್ತು: ಇವನಿಗೆ ಮೂರು ಶತಮಾನ ಮೊದಲು, ಫ್ರಾಂಕರ ದೊರೆ ಬೋಳುತಲೆಯ ಚಾರ್ಲ್ಸನ ಆಶ್ರಯದಲ್ಲಿದ್ದ ಐರ್ಲೆಂಡಿನ ತತ್ತ್ವಜ್ಞಾನಿ ಎರಿಯುಜೀನ ಸಕಲವೂ ದೇವರಿಂದ ಹೊರಟು ದೇವರಿಗೇ ಮರಳುತ್ತದೆಂದು ಲ್ಯಾಟಿನ್ನಿನಲ್ಲಿ ವಾದಿಸಿದ್ದ. ಎರಿಯುಜೀನನ ಮರಳುವಿಕೆ ಸೃಷ್ಟಿಗೆಲ್ಲ ಸೇರಿದ್ದು. ಚೆನ್ನಬಸವಣ್ಣನದು ಒಬ್ಬೊಬ್ಬ ಭಕ್ತನೂ ಅಂಗೈಯಲ್ಲಿಟ್ಟು ಪೂಜಿಸುವ ಇಷ್ಟಲಿಂಗದಿಂದ ತೊಡಗುತ್ತದೆ.

1,700ಕ್ಕೂ ಹೆಚ್ಚು ವಚನಗಳಲ್ಲದೆ ಕರಣಹಸುಗೆ, ಮಿಶ್ರಾರ್ಪಣ, ಮಂತ್ರಗೋಪ್ಯ ಇವನ ಹೆಸರಿನಲ್ಲಿವೆ. ಪರಿಭಾಷೆ ದಟ್ಟವಾದ ಕಾರಣ ಇವನ ವಚನಗಳು ಬಸವಣ್ಣನವುಗಳಂತೆ ಜನರ ನಾಲಗೆಯ ಮೇಲೆ ನಿಂತಿಲ್ಲ. ಪಂಡಿತರಿಗೆ ಮಾತ್ರ ಇವನಿಲ್ಲದೆ ಸಾಗದು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ಗುಡಿಯ ಲಿಂಗವನ್ನು ಪೂಜಿಸುತ್ತಿದ್ದ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಕೊಟ್ಟವನು ಇವನೇ ಎಂದು ಶೂನ್ಯಸಂಪಾದನೆ ಹೇಳುತ್ತದೆ. ವಯಸ್ಸಿನಲ್ಲಿ ಇವನು ಸಿದ್ಧರಾಮನಿಗಿಂತ ಕಿರಿಯ ಎಂಬುದು ಅಲ್ಲಿನ ಸ್ವಾರಸ್ಯ.

1167ರ ಸುಮಾರಿಗೆ ಬಿಜ್ಜಳನ ಕೊಲೆಯಾಗಿ ಕಲ್ಯಾಣ ಕದಡಿದಾಗ ಶರಣರ ಒಂದು ತಂಡದೊಡನೆ ಪಡುವಣ ಕಾಡಿನ ಉಳವಿಗೆ ನಡೆದು ಅಲ್ಲಿಯೇ ಐಕ್ಯನಾದನೆಂದು ಪ್ರತೀತಿ. ಇವನ ಕತೆಯನ್ನು ವಿರೂಪಾಕ್ಷ ಪಂಡಿತ 1584ರಲ್ಲಿ ಚೆನ್ನಬಸವ ಪುರಾಣವಾಗಿ ಬರೆದ. ಉಳವಿ ಈಗ ಉತ್ತರ ಕನ್ನಡದ ಜೋಯಿಡಾ ತಾಲೂಕಿನಲ್ಲಿದೆ. ಭಾರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಚಕ್ಕಡಿ ಕಟ್ಟಿಕೊಂಡು ಅಲ್ಲಿಯ ಜಾತ್ರೆಗೆ ಹೋಗುತ್ತಾರೆ.