ರುಜುವಿಗಿಂತ ಮರವೇ ದೊಡ್ಡ ಸಾಕ್ಷಿ

ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲು, ಅಂದರೆ ಕ್ಯೂ, ಅಮೆರಿಕದಲ್ಲಿ ಬಹುಕಾಲ ಕಾರ್ಖಾನೆಯ ಸರಕಾಗಿತ್ತು. ಬ್ರನ್ಸ್‌ವಿಕ್ ಕಂಪನಿ ರಾಶಿ ರಾಶಿಯಾಗಿ ತಯಾರಿಸುತ್ತಿತ್ತು; ಷಿಕಾಗೊದ ಹರ್ಮನ್ ರಾಂಬೊ ಅವರಂಥ ಕೆಲವೇ ಕುಶಲಿಗರು ದೊಡ್ಡ ಆಟಗಾರರಿಗೆ ಅವರವರ ಕೈಗೆ ಒಗ್ಗುವಂತೆ ಮಾಡಿಕೊಡುತ್ತಿದ್ದರು. 1961ರಲ್ಲಿ ಪಾಲ್ ನ್ಯೂಮನ್ ನಟಿಸಿದ ‘ದಿ ಹಸ್ಲರ್’ ತೆರೆಕಂಡಿತು. ಸೊರಗಿದ್ದ ಆಟಕ್ಕೆ ಮತ್ತೆ ಜೀವ ಬಂತು, ಕೈಕೆಲಸದ ಕ್ಯೂಗಳಿಗೆ ಗಿರಾಕಿಗಳು ಹುಟ್ಟಿಕೊಂಡರು.

ಆ ಹೊತ್ತಿಗಾಗಲೇ ಬ್ರೂಕ್ಲಿನ್‌ನಲ್ಲಿ ಜಾರ್ಜ್ ಬಲಬುಷ್ಕಾ ಕೆಲಸಕ್ಕೆ ಕೂತಿದ್ದರು. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ 1924ರಲ್ಲಿ ಅಮೆರಿಕ ಸೇರಿದ ಮರಗೆಲಸಗಾರ ಅವರು. 1959ರಿಂದ ಹಿಡಿದು 1975ರಲ್ಲಿ ತೀರಿಕೊಳ್ಳುವವರೆಗೆ ಅವರು ಮಾಡಿದ್ದು ಸಾವಿರದ ಆಸುಪಾಸಿನ ಕ್ಯೂಗಳು ಎಂಬ ಅಂದಾಜಿದೆ. ಸಂಗ್ರಾಹಕರ ಲೋಕದಲ್ಲಿ ಇವತ್ತಿಗೂ ಬೆಲೆ ಕಟ್ಟುವಾಗ ಮೊದಲು ಬರುವ ಹೆಸರು ಅವರದೇ.

ಆದರೆ ಅಸಲಿ ಬಲಬುಷ್ಕಾ ಎಂದರೆ ಯಾವುದು? ಪರಿಣತರ ಕಣ್ಣು ಮೊದಲು ಹೋಗುವುದು ಕ್ಯೂನ ಹಿಡಿಯ ಕಡೆಯ ಭಾಗಕ್ಕೆ. ಅಲ್ಲಿ ಬಿಳಿ ಮೇಪಲ್‌ನೊಳಗೆ ಕಪ್ಪು ಎಬೊನಿಯೋ ಬೀಟೆಯೋ ಚೂಪು ಮೊನೆಗಳಾಗಿ ನುಗ್ಗಿರುತ್ತದೆ. ಮೊನೆಯ ಅಂಚಿಗೆ ಬಣ್ಣಬಣ್ಣದ ತೆಳು ವೆನೀರ್ ಪದರಗಳು. ಎರಡು ಮರಗಳು ಬೆರಳಿಗೆ ಬೆರಳು ಹೆಣೆದಂತೆ ಕೂಡಿದ್ದರೆ ಅದು ಪೂರ್ಣ ಬೆಸುಗೆ. ಮೇಪಲ್‌ನಲ್ಲಿ ಓರೆ ತೋಡು ಕೊರೆದು ಮರದ ಬೆಣೆ ಅಂಟಿಸಿದ್ದರೆ ಅರೆ ಬೆಸುಗೆ. ಈ ಬೆಸೆದ ದಿಮ್ಮಿಗೆ ಬ್ಲ್ಯಾಂಕ್ ಎನ್ನುತ್ತಾರೆ. ಬಲಬುಷ್ಕಾ ಬ್ಲ್ಯಾಂಕ್‌ಗಳನ್ನು ಬೇರೆಯವರಿಂದ ಪಡೆದು ಕ್ಯೂ ಕಟ್ಟುತ್ತಿದ್ದರು. ಮೊದಮೊದಲು ಬ್ರನ್ಸ್‌ವಿಕ್‌ನ ಟೈಟ್‌ಲಿಸ್ಟ್ ಕ್ಯೂಗಳನ್ನೇ ಕತ್ತರಿಸಿ ಬಳಸಿದರು. ಆಮೇಲೆ ಷಿಕಾಗೊದ ಬರ್ಟನ್ ಸ್ಪೇನ್, ಕೊನೆಯ ವರ್ಷಗಳಲ್ಲಿ ಪೆನ್ಸಿಲ್ವೇನಿಯಾದ ಗಸ್ ಸಾಂಬೋಟಿ ಮಾಡಿದ ಬ್ಲ್ಯಾಂಕ್‌ಗಳು ಬಂದವು. ಹಾಗಾಗಿ ಒಂದೇ ಕ್ಯೂನಲ್ಲಿ ಇಬ್ಬರ ಕೈ ಕಾಣುತ್ತದೆ. ಇದನ್ನು ಕೊರತೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಾರ ಬ್ಲ್ಯಾಂಕ್ ಎಂದು ಗೊತ್ತಾದರೆ ಕ್ಯೂ ಯಾವ ಕಾಲದ್ದೆಂಬ ಅಂದಾಜೂ ಸಿಗುತ್ತದೆ. ಕ್ಯೂ ಮೇಲೆ ಬರೆದ ರುಜು ಹೇಳುವ ಕಾಲಕ್ಕೂ ಮರ ಹೇಳುವ ಕಾಲಕ್ಕೂ ತಾಳೆಯಾಗದಿದ್ದರೆ ನಂಬಬೇಕಾದದ್ದು ಮರವನ್ನೇ.

1986ರಲ್ಲಿ ಮಾರ್ಟಿನ್ ಸ್ಕೋರ್ಸೆಸಿಯ ‘ದಿ ಕಲರ್ ಆಫ್ ಮನಿ’ ಬಂದು ಬಲಬುಷ್ಕಾ ಎಂಬ ಹೆಸರು ಪೂಲ್ ಆಡದವರ ಬಾಯಿಗೂ ಬಂತು. ತೆರೆಯ ಮೇಲೆ ಬಲಬುಷ್ಕಾ ಎಂದು ತೋರಿಸಿದ ಕ್ಯೂ ವಾಸ್ತವದಲ್ಲಿ ಅದನ್ನು ಹೋಲುವ ಜಾಸ್ ಕಂಪನಿಯದು. ಅಲ್ಲಿಂದೀಚೆಗೆ ಬೆಲೆ ಏರಿತು, ಬೆಲೆಯ ಬೆನ್ನಿಗೇ ನಕಲಿಯೂ ಬಂತು. ಹಳೆಯ ಟೈಟ್‌ಲಿಸ್ಟ್‌ಗಳು ಸಿಗುತ್ತಿದ್ದುದರಿಂದ ನಕಲಿಗರಿಗೆ ಆ ಕಾಲದ ಮರವೇ ಕೈಗೆಟುಕಿತು. ಮುಂದೆ ಬಲಬುಷ್ಕಾ ಹೆಸರಿನ ಪರವಾನಗಿ ಪಡೆದು ತಯಾರಾದ ಹೊಸ ಕ್ಯೂಗಳೂ ಮಾರುಕಟ್ಟೆಗೆ ಬಂದವು. ಅವು ಮೋಸದವಲ್ಲ, ಆದರೆ ಆ ಮನುಷ್ಯನ ಕೈಕೆಲಸವೂ ಅಲ್ಲ.

1990ರ ದಶಕದಲ್ಲಿ ಹಳೆಯ ಕ್ಯೂಗಳನ್ನು ಗುರುತಿಸುವ ಜ್ಞಾನ ಬಾಯಿಂದ ಪುಸ್ತಕಕ್ಕಿಳಿಯಿತು. ವಿಕ್ಟರ್ ಸ್ಟೈನ್ ಮತ್ತು ಪಾಲ್ ರುಬಿನೊ ಸೇರಿ ‘ದಿ ಬಿಲಿಯರ್ಡ್ ಎನ್‌ಸೈಕ್ಲೊಪೀಡಿಯಾ’ ತಂದರು. ಬ್ರಾಡ್ ಸಿಂಪ್ಸನ್ ಅವರ ‘ಬ್ಲೂ ಬುಕ್ ಆಫ್ ಪೂಲ್ ಕ್ಯೂಸ್’ ತಯಾರಕರ ವಿವರ, ಬೆಲೆಗಳನ್ನು ಒಂದೆಡೆ ಕೊಟ್ಟಿತು. ಕ್ಯೂಗೆ ಎಕ್ಸ್‌ರೇ ತೆಗೆದು ಒಳಗಿನ ಸ್ಕ್ರೂ, ತೂಕದ ಬೋಲ್ಟ್, ಬೆಸುಗೆಯ ಆಳ ನೋಡುವ ರೂಢಿಯೂ ಇದೆ. ನಕಲಿಗರು ಹೊರಮೈಯನ್ನು ಎಷ್ಟೇ ತಿದ್ದಲಿ, ಒಳಗಿನ ಕಟ್ಟುವಿಕೆಯನ್ನು ಅನುಕರಿಸುವುದು ಸುಲಭವಲ್ಲ. ಕ್ಯೂನಲ್ಲಿ ಆನೆದಂತ ಕೂಡಿಸಿದೆ ಎನ್ನುವ ಕಡೆ ಅಡ್ಡಕೊಯ್ತ ಕಾಣುವಂತಿದ್ದರೆ ಭೂತಗನ್ನಡಿ ಹಿಡಿಯಬೇಕು: ಒಂದನ್ನೊಂದು ಹಾಯುವ ನವುರಾದ ಬಾಗು ಗೆರೆಗಳು ದಂತದಲ್ಲಿರುತ್ತವೆ, ಪ್ಲಾಸ್ಟಿಕ್‌ನಲ್ಲಿ ಇರುವುದಿಲ್ಲ.

ಆ ದಂತವೇ ಈಗ ಬೆಲೆಗೆ ಮುಳುವಾಗಿದೆ. 2016ರ ಜುಲೈನಿಂದ ಅಮೆರಿಕದಲ್ಲಿ ಆಫ್ರಿಕಾದ ಆನೆದಂತದ ವ್ಯಾಪಾರ ಬಹುಪಾಲು ನಿಂತಿದೆ. ಬ್ರೆಜಿಲ್‌ನ ಬೀಟೆಗೆ 1992ರಿಂದ, ನಮ್ಮ ಮಲೆನಾಡಿನ ಬೀಟೆಯೂ ಸೇರಿದಂತೆ ಆ ಕುಲದ ಉಳಿದ ಬಹುಪಾಲು ಮರಗಳಿಗೆ 2017ರಿಂದ ಅಂತರರಾಷ್ಟ್ರೀಯ ನಿರ್ಬಂಧಗಳಿವೆ. ಈ ಬಿಗಿ ಸರಿಯೇ ಎನ್ನುವುದು ನನ್ನ ನಿಲುವು. ಆದರೆ ಕಾಗದಪತ್ರವಿಲ್ಲದ ಒಳ್ಳೆಯ ಕ್ಯೂ ಮಾರಲಾಗದೆ ಮೂಲೆ ಸೇರುತ್ತಿರುವುದೂ ನಿಜ.

ಅಮೆರಿಕದಲ್ಲಿರುವ ಕನ್ನಡಿಗರ ಕೈಗೆ ಅಂಥ ಹಳೆಯ ಕ್ಯೂ ಸಿಕ್ಕರೆ ಹೊಳಪಿಗೆ ಆಸೆಪಟ್ಟು ಪಾಲಿಶ್ ಮಾಡಿಸಬೇಡಿ. ಉಜ್ಜಿದರೆ ಮರ ಸವೆಯುತ್ತದೆ, ಹಳೆಯ ಲೇಪದಡಿಯ ರುಜು ಅಳಿಯುತ್ತದೆ, ಮೂಲ ಅಳತೆಯೂ ಹೋಗುತ್ತದೆ. ಇದ್ದಂತೆಯೇ ಫೋಟೊ ತೆಗೆದಿಡಿ, ಯಾರಿಂದ ಯಾರಿಗೆ ಬಂತೆಂದು ಬರೆದಿಡಿ. ದಂತವಿರುವ ಕ್ಯೂವನ್ನು ಊರಿಗೆ ತರುವ ಯೋಚನೆಯನ್ನಂತೂ ಬಿಟ್ಟುಬಿಡಿ: ಆಮದಾದ ಆನೆದಂತದ ವ್ಯಾಪಾರವನ್ನು ಭಾರತ 1991ರ ಕಾನೂನು ತಿದ್ದುಪಡಿಯಲ್ಲೇ ನಿಷೇಧಿಸಿದೆ.